ಕೊಟ್ಟ ಹಸುವಿನ ಹಲ್ಲು ಎಣಿಸೋಣ ಬನ್ನಿ

ಸರ್ಕಾರಿ ಶಾಲೆಗಳಿಗೆ ಕಂಪನಿಗಳು ಕಂಪ್ಯೂಟರ್, ಟ್ಯಾಬ್, ಸ್ಮಾರ್ಟ್ ಬೋರ್ಡ್ ಕೊಡುತ್ತವೆ. ಕೊಟ್ಟ ದಿನ ಸಂಭ್ರಮವೋ ಸಂಭ್ರಮ. ಮೂರು ವರ್ಷದ ಮೇಲೆ ಆ ಪೆಟ್ಟಿಗೆಗಳ ಗತಿ ಏನು? ಅಜ್ಜ–ಅಜ್ಜಿ, ಮೊಮ್ಮಕ್ಕಳು ಜೊತೆಯಲ್ಲಿ ಕುಳಿತು ಓದಬಹುದಾದ ಲೇಖನ.

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎಂದು ನಮ್ಮ ಹಿರಿಯರು ಹೇಳುವುದುಂಟು. ಮಕ್ಕಳೇ, ಈ ಮಾತಿನ ಅರ್ಥ ಗೊತ್ತಿಲ್ಲದಿದ್ದರೆ ಅಜ್ಜನನ್ನು ಕೇಳಿ. ಜಾನುವಾರು ಜಾತ್ರೆಯಲ್ಲಿ ಹಸುವನ್ನೋ ಎತ್ತನ್ನೋ ಕೊಳ್ಳುವವರು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಎರಡು ಹಲ್ಲಿನದು, ನಾಲ್ಕು ಹಲ್ಲಿನದು ಎಂದು ಲೆಕ್ಕ ಹಾಕಿ ಅದರ ವಯಸ್ಸು ತಿಳಿಯುತ್ತಾರೆ. ಕಾಸು ಕೊಟ್ಟು ಕೊಳ್ಳುವಾಗ ಹೀಗೆ ನೋಡುವುದು ಸರಿ. ಪುಕ್ಕಟೆ ಬಂದದ್ದಕ್ಕೂ ಹಾಗೆ ಮಾಡಿದರೆ ಕೊಟ್ಟವರಿಗೆ ಅವಮಾನ ಎಂಬುದು ಹಿರಿಯರ ಭಾವ.

ಒಂದು ಮನೆಯ ಮಟ್ಟಿಗೆ ಇದು ಒಳ್ಳೆಯ ನಡತೆಯೇ. ಆದರೆ ಶಾಲೆಗೆ ಬರುವ ಹಸುವಿನ ಮಾತು ಬೇರೆ. ಅದಕ್ಕೆ ದಿನವೂ ಹುಲ್ಲು, ಹಿಂಡಿ ಬೇಕು. ಕಾಯಿಲೆ ಬಂದರೆ ವೈದ್ಯರು ಬೇಕು. ಹಾಲು ಕರೆಯುವವರು ಬೇಕು. ಇದ್ಯಾವುದೂ ಇಲ್ಲದಿದ್ದರೆ ಹಸು ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತಿರುತ್ತದೆ, ಮಕ್ಕಳ ಲೋಟಕ್ಕೆ ಒಂದು ಹನಿಯೂ ಬೀಳುವುದಿಲ್ಲ. ಕಂಪನಿಯೊಂದು ಶಾಲೆಗೆ ಕಂಪ್ಯೂಟರ್ ಕೊಟ್ಟಾಗ ಇದೇ ಮಾತು ಅಕ್ಷರಶಃ ಅನ್ವಯಿಸುತ್ತದೆ. ಹುಲ್ಲಿನ ಬದಲು ವಿದ್ಯುತ್ತು, ವೈದ್ಯರ ಬದಲು ರಿಪೇರಿಯವರು, ಹಾಲು ಕರೆಯುವವರ ಬದಲು ಮೇಷ್ಟ್ರು. ಇಷ್ಟೇ ವ್ಯತ್ಯಾಸ.

ಕಳೆದ 25 ವರ್ಷಗಳಲ್ಲಿ ನಮ್ಮ ನಾಡಿನಲ್ಲೂ ಹೊರಗೂ ಇಂಥ ಬಹಳ ಹಸುಗಳು ಶಾಲೆಯ ಅಂಗಳಕ್ಕೆ ಬಂದಿವೆ. ಕೆಲವು ಹಾಲು ಕೊಟ್ಟವು, ಕೆಲವು ಕೊಡಲಿಲ್ಲ. ಏಕೆ ಎಂದು ನೋಡೋಣ.

ಕಂಪನಿಗಳು ಶಾಲೆಗೆ ಬರುವುದೇಕೆ?

ಹಿಂದೆಯೂ ದಾನಿಗಳಿದ್ದರು. ನಿಮ್ಮೂರಿನ ಹಳೆಯ ಶಾಲೆಯ ಗೋಡೆಯಲ್ಲಿ ಒಂದು ಕಲ್ಲಿನ ಫಲಕ ಇರಬಹುದು. ಇಂಥವರು ತಮ್ಮ ತಾಯಿಯ ನೆನಪಿಗೆ ಈ ಕೊಠಡಿ ಕಟ್ಟಿಸಿದರು ಎಂದು ಅದರಲ್ಲಿ ಕೆತ್ತಿರುತ್ತದೆ. ಊರಿನ ಸಾಹುಕಾರರು, ಹಳೆಯ ವಿದ್ಯಾರ್ಥಿಗಳು ಜಾಗ ಕೊಟ್ಟರು, ಬೆಂಚು ಮಾಡಿಸಿದರು, ಗಡಿಯಾರ ತಂದು ತೂಗುಹಾಕಿದರು.

ಈಗ ಕಂಪನಿಗಳು ಬರುವುದಕ್ಕೆ ಒಂದು ಕಾನೂನೂ ಕಾರಣ. 2013ರ ಕಂಪನಿ ಕಾಯ್ದೆಯ 135ನೇ ವಿಧಿಯ ಪ್ರಕಾರ ದೊಡ್ಡ ಕಂಪನಿಗಳು ತಮ್ಮ ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ವರ್ಷಕ್ಕೆ 5 ಕೋಟಿ ರೂಪಾಯಿ ನಿವ್ವಳ ಲಾಭ ಗಳಿಸುವ, ಅಥವಾ 1,000 ಕೋಟಿ ವಹಿವಾಟು ನಡೆಸುವ, ಅಥವಾ 500 ಕೋಟಿ ನಿವ್ವಳ ಆಸ್ತಿ ಇರುವ ಕಂಪನಿಗಳಿಗೆಲ್ಲ ಇದು ಅನ್ವಯ. ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿ ಎತ್ತಿಡಬೇಕು. 2014ರ ಏಪ್ರಿಲ್‌ 1ರಿಂದ ಇದು ಜಾರಿಯಲ್ಲಿದೆ. ಇದನ್ನೇ ಎಲ್ಲರೂ ‘ಸಿ.ಎಸ್.ಆರ್. ಹಣ’ ಎನ್ನುವುದು. ಈ ಹಣ ಯಾವ ಕೆಲಸಕ್ಕೆ ಹೋಗಬಹುದು ಎಂಬ ಪಟ್ಟಿಯಲ್ಲಿ ಶಿಕ್ಷಣವೂ ಇದೆ.

ಕಾನೂನು ಒಂದೇ ಕಾರಣವೆಂದರೆ ಅನ್ಯಾಯವಾದೀತು. ಸರ್ಕಾರಿ ಶಾಲೆಯಲ್ಲೇ ಓದಿ ದೊಡ್ಡ ಹುದ್ದೆಗೇರಿದವರು ಋಣ ತೀರಿಸಬೇಕೆಂದು ಮನಸಾರೆ ಬರುತ್ತಾರೆ. ಕಾನೂನು ಬರುವುದಕ್ಕೆ ಮೊದಲೇ ಕೈಯೆತ್ತಿ ಕೊಟ್ಟವರೂ ಇದ್ದಾರೆ. ಇನ್ನು ಕೆಲವರಿಗೆ ಮೂರನೆಯ ಲೆಕ್ಕವೂ ಇರುತ್ತದೆ. ಎಳೆಯ ವಯಸ್ಸಿನಲ್ಲಿ ಯಾವ ಯಂತ್ರದ ಮೇಲೆ ಕೈ ಪಳಗುತ್ತದೋ, ದೊಡ್ಡವರಾದ ಮೇಲೆ ಕೊಳ್ಳುವುದೂ ಅದನ್ನೇ. ಅಜ್ಜಿ ಐವತ್ತು ವರ್ಷದಿಂದ ಒಂದೇ ಕಾಫಿಪುಡಿ ತರಿಸುವುದಿಲ್ಲವೇ, ಹಾಗೆ!

ಗೋಡೆಯ ಕಿಂಡಿಯಲ್ಲಿ ಕಂಪ್ಯೂಟರ್

1999ರ ಜನವರಿ 26. ದೆಹಲಿಯ ಕಾಲ್ಕಾಜಿಯಲ್ಲಿ ಎನ್.ಐ.ಐ.ಟಿ. ಎಂಬ ಕಂಪ್ಯೂಟರ್ ಶಿಕ್ಷಣ ಕಂಪನಿಯ ಕಚೇರಿ. ಅದರ ಗೋಡೆಯ ಆಚೆ ಕೊಳೆಗೇರಿ. ಕಂಪನಿಯ ವಿಜ್ಞಾನಿ ಸುಗತ ಮಿತ್ರ ಆ ಗೋಡೆಯಲ್ಲಿ ಒಂದು ಕಿಂಡಿ ಕೊರೆಸಿ, ಕೊಳೆಗೇರಿಯ ಕಡೆಗೆ ಮುಖ ಮಾಡಿ ಒಂದು ಕಂಪ್ಯೂಟರ್ ಇಟ್ಟರು. ಪಕ್ಕದಲ್ಲಿ ಮೇಷ್ಟ್ರಿಲ್ಲ, ಹೇಳಿಕೊಡುವವರಿಲ್ಲ.

ಮಕ್ಕಳು ಸುಮ್ಮನಿರುತ್ತಾರೆಯೇ? ಮುಟ್ಟಿದರು, ಒತ್ತಿದರು, ಒಬ್ಬರಿಗೊಬ್ಬರು ತೋರಿಸಿದರು. ಇಂಗ್ಲಿಷ್ ಬಾರದ ಆ ಮಕ್ಕಳು ತೆರೆಯ ಮೇಲೆ ಓಡಾಡುವ ಬಾಣದ ಗುರುತಿಗೆ ‘ಸುಯಿ’, ಅಂದರೆ ಸೂಜಿ, ಎಂದು ಹೆಸರಿಟ್ಟರು. ಕಂಪ್ಯೂಟರ್ ಕೆಲಸದಲ್ಲಿದ್ದಾಗ ಕಾಣುವ ಮರಳು ಗಡಿಯಾರದ ಚಿತ್ರಕ್ಕೆ ‘ಡಮರು’ ಎಂದರು. ಶಿವನ ಕೈಯ ಡಮರುಗದ ಆಕಾರವೇ ಅಲ್ಲವೇ ಅದು! ಈ ಪ್ರಯೋಗ ಜಗತ್ತಿನಾದ್ಯಂತ ಸುದ್ದಿಯಾಯಿತು. ಮಕ್ಕಳು ತಾವೇ ಕಲಿಯುತ್ತಾರೆ, ಕಂಪ್ಯೂಟರ್ ಇಟ್ಟರೆ ಸಾಕು ಎಂದು ಬಹಳ ಜನ ನಂಬಿದರು.

2000ದಲ್ಲಿ ದೆಹಲಿ ಸರ್ಕಾರವೂ ಕಂಪನಿಯ ಜೊತೆಗೂಡಿ ಬಡವರ ಬಡಾವಣೆಯೊಂದರಲ್ಲಿ ಇಂಥದೇ ಐದು ಕಿಂಡಿಗಳನ್ನು ತೆರೆಯಿತು. ಅಮೆರಿಕದ ಸಂಶೋಧಕ ಮಾರ್ಕ್ ವಾರ್ಷವರ್ ಅಲ್ಲಿಗೆ ಹೋಗಿ ನೋಡಿ ಬರೆದದ್ದು ಬೇರೆಯೇ ಕಥೆ. ಅಂತರ್ಜಾಲ ಬಹುಪಾಲು ಕೆಲಸ ಮಾಡುತ್ತಿರಲಿಲ್ಲ. ಮಕ್ಕಳಿಗೆ ತಿಳಿಯುವ ಹಿಂದಿಯಲ್ಲಿ ಅದರೊಳಗೆ ಏನೂ ಇರಲಿಲ್ಲ. ಹೆಚ್ಚಿನ ಹೊತ್ತು ಚಿತ್ರ ಬಿಡಿಸುವುದು, ಆಟ ಆಡುವುದು ಇಷ್ಟೇ ನಡೆಯುತ್ತಿತ್ತು. ನಮ್ಮ ಮಗು ಓದು ಬಿಟ್ಟು ಇಲ್ಲೇ ನಿಂತಿರುತ್ತದೆ ಎಂದು ಕೆಲವು ತಾಯ್ತಂದೆಯರು ಬೇಸರಪಟ್ಟರು.

ಎರಡೂ ನಿಜ. ಮಕ್ಕಳಿಗೆ ಕುತೂಹಲವಿದೆ, ಅದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಬಾಣದ ಗುರುತನ್ನು ಓಡಿಸಲು ಬಂದರೆ ಭಿನ್ನರಾಶಿ ಬರುತ್ತದೆ ಎಂದೇನಿಲ್ಲ.

ಕಂಪ್ಯೂಟರಿನಿಂದ ಮೊಟ್ಟೆಯವರೆಗೆ

ಈಗ ಕರ್ನಾಟಕಕ್ಕೆ ಬರೋಣ. ವಿಪ್ರೋ ಕಂಪನಿಯ ಅಜೀಂ ಪ್ರೇಮ್‌ಜಿ ತಮ್ಮ ಸ್ವಂತ ಸಂಪತ್ತಿನಿಂದ ಕಟ್ಟಿದ ಅಜೀಂ ಪ್ರೇಮ್‌ಜಿ ಫೌಂಡೇಷನ್ ಸರ್ಕಾರಿ ಶಾಲೆಗಳ ಕೆಲಸಕ್ಕಿಳಿದದ್ದು ಈ ಶತಮಾನದ ಆರಂಭದಲ್ಲಿ. ಅದರ ಮೊದಲ ದೊಡ್ಡ ಕಾರ್ಯಕ್ರಮಗಳಲ್ಲಿ ಒಂದು, ಹಳ್ಳಿ ಶಾಲೆಗಳಲ್ಲಿ ಕಂಪ್ಯೂಟರ್ ನೆರವಿನ ಕಲಿಕಾ ಕೇಂದ್ರ. ಪಠ್ಯವನ್ನೇ ಕಥೆ, ಆಟ, ಒಗಟುಗಳ ರೂಪಕ್ಕೆ ತಂದು ಸಿ.ಡಿ.ಗಳನ್ನು ಮಾಡಿದರು. ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ನೂರಕ್ಕೂ ಹೆಚ್ಚು ಸಿ.ಡಿ.ಗಳು ತಯಾರಾದವು. ಕರ್ನಾಟಕದಲ್ಲಿ ಶುರುವಾದ ಈ ಕೆಲಸ ಬೇರೆ ರಾಜ್ಯಗಳಿಗೂ ಹಬ್ಬಿ ಸಾವಿರಾರು ಶಾಲೆಗಳನ್ನು ಮುಟ್ಟಿತು.

ಕಂಪ್ಯೂಟರ್ ಕೋಣೆಗೆ ಹೋಗುವ ದಿನ ಎಂದರೆ ಮಕ್ಕಳಿಗೆ ಹಬ್ಬ. ಆದರೆ ಕೆಲವು ವರ್ಷಗಳ ನಂತರ ಸಂಸ್ಥೆಯವರೇ ತಮ್ಮ ಕೆಲಸವನ್ನು ಒರೆಗೆ ಹಚ್ಚಿ ನೋಡಿದರು. ಮಕ್ಕಳು ಉತ್ಸಾಹದಿಂದ ಬರುವುದು ನಿಜ, ಕಲಿಕೆ ಮಾತ್ರ ಅಂದುಕೊಂಡಷ್ಟು ಮೇಲೇರಲಿಲ್ಲ. ಮಗುವಿಗೆ ತರಗತಿಯ ಪಾಠವೂ ಕಂಪ್ಯೂಟರಿನ ಪಾಠವೂ ಎರಡು ಬೇರೆ ಬೇರೆ ಲೋಕಗಳಾಗಿ ಉಳಿದರೆ ಹೀಗೇ ಆಗುವುದು. ಎರಡನ್ನೂ ಬೆಸೆಯಬಲ್ಲವರು ಮೇಷ್ಟ್ರು ಮಾತ್ರ.

2010ರ ಡಿಸೆಂಬರ್‌ನಲ್ಲಿ ಫೌಂಡೇಷನ್‌ನ ಮುಖ್ಯಸ್ಥರಲ್ಲಿ ಒಬ್ಬರಾದ ಅನುರಾಗ್ ಬೆಹರ್ ‘ಮಿಂಟ್’ ಪತ್ರಿಕೆಯ ತಮ್ಮ ಅಂಕಣದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದರು. ಶಿಕ್ಷಣದ ಕಷ್ಟದ ಗಂಟುಗಳನ್ನು ಯಂತ್ರ ಬಿಚ್ಚಲಾರದು, ಒಳ್ಳೆಯ ಶಿಕ್ಷಕರಿಗೆ ಅದು ಸಹಾಯಕ ಆಗಬಹುದೇ ಹೊರತು ಶಿಕ್ಷಕರ ಜಾಗದಲ್ಲಿ ನಿಲ್ಲಲಾರದು ಎಂಬುದು ಅವರ ಅನುಭವದ ಸಾರ. ಕಂಪ್ಯೂಟರ್ ಕಂಪನಿಯೊಂದರ ಸಂಪತ್ತಿನಿಂದ ನಡೆಯುವ ಸಂಸ್ಥೆಯೇ ಹೀಗೆ ಹೇಳಿದ್ದು ಸಣ್ಣ ಮಾತಲ್ಲ. ತಾವು ನೆಟ್ಟ ಗಿಡ ಫಲ ಕೊಡಲಿಲ್ಲ ಎಂದು ಊರ ಮುಂದೆ ಹೇಳುವುದಕ್ಕೆ ದೊಡ್ಡ ಮನಸ್ಸು ಬೇಕು.

ಹೇಳಿ ಅವರು ಮನೆಗೆ ಹೋಗಲಿಲ್ಲ. ಯಾದಗಿರಿ, ಕಲಬುರಗಿಯಂಥ ಜಿಲ್ಲೆಗಳಲ್ಲಿ ನೆಲೆಯೂರಿ, ಶಿಕ್ಷಕರ ಜೊತೆ ವರ್ಷಗಟ್ಟಲೆ ಕುಳಿತು ಮಾಡುವ ಕೆಲಸವನ್ನು ಹಿಡಿದರು. ಆಮೇಲೆ 2024ರಲ್ಲಿ ಇನ್ನೊಂದು ಒಪ್ಪಂದಕ್ಕೆ ಕರ್ನಾಟಕ ಸರ್ಕಾರದ ಜೊತೆ ಸಹಿ ಹಾಕಿದರು. ಅದು ಯಾವುದು ಎಂದು ಸರ್ಕಾರಿ ಶಾಲೆಯ ಮಕ್ಕಳಿಗೆ ಗೊತ್ತೇ ಇದೆ, ಮೊಟ್ಟೆ! ಸರ್ಕಾರ ವಾರಕ್ಕೆ ಎರಡು ದಿನ ಮೊಟ್ಟೆ ಕೊಡುತ್ತಿತ್ತು. ಉಳಿದ ನಾಲ್ಕು ದಿನದ ಮೊಟ್ಟೆಯ ಖರ್ಚನ್ನು ಮೂರು ವರ್ಷಗಳ ಮಟ್ಟಿಗೆ ಫೌಂಡೇಷನ್ ವಹಿಸಿಕೊಂಡಿತು. ಒಟ್ಟು 1,591 ಕೋಟಿ ರೂಪಾಯಿ. ಮೊಟ್ಟೆ ತಿನ್ನದ ಮಕ್ಕಳಿಗೆ ಆಗ ಬಾಳೆಹಣ್ಣು ಅಥವಾ ಚಿಕ್ಕಿ ಇತ್ತು.

ಕಂಪ್ಯೂಟರ್ ಎಲ್ಲಿ, ಮೊಟ್ಟೆ ಎಲ್ಲಿ ಎಂದು ನಗಬೇಡಿ. ಹಸಿದ ಹೊಟ್ಟೆಗೆ ಪಾಠ ಹತ್ತುವುದಿಲ್ಲ ಎಂಬುದು ಯಾವ ಅಜ್ಜಿಗೆ ಗೊತ್ತಿಲ್ಲ? ಕೊಡುವವರು ತಮ್ಮ ಬಳಿ ಏನಿದೆ ಎಂದು ನೋಡುವುದಕ್ಕಿಂತ ಮಗುವಿಗೆ ಏನು ಬೇಕು ಎಂದು ನೋಡಿದರೆ ಕೊಡುಗೆಯ ರೂಪವೇ ಬದಲಾಗುತ್ತದೆ.

ಬೀಗದ ಕೈ ಯಾರ ಹತ್ತಿರ?

ಕೊಡುಗೆಯ ಜೊತೆಗೆ ಗುತ್ತಿಗೆಯ ದಾರಿಯೂ ಒಂದಿದೆ. 2004ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣದ ಯೋಜನೆಯೊಂದನ್ನು ಶುರು ಮಾಡಿತು. ಹಲವು ರಾಜ್ಯಗಳು ಇದನ್ನು ಕಂಪನಿಗಳಿಗೆ ವಹಿಸಿದವು. ಕಂಪನಿಯೇ ಕೋಣೆ ಸಜ್ಜು ಮಾಡಬೇಕು, ಯಂತ್ರ ತರಬೇಕು, ಕಲಿಸುವವರನ್ನು ನೇಮಿಸಬೇಕು, ಇಷ್ಟು ವರ್ಷ ನಡೆಸಬೇಕು, ಆಮೇಲೆ ಎಲ್ಲವನ್ನೂ ಶಾಲೆಗೆ ಒಪ್ಪಿಸಿ ಹೋಗಬೇಕು. ಸಾಮಾನ್ಯವಾಗಿ ಐದು ವರ್ಷದ ಗುತ್ತಿಗೆ.

ಕೇಳುವುದಕ್ಕೆ ಚೆನ್ನಾಗಿದೆ. ಶಾಲೆಗೆ ತಲೆನೋವಿಲ್ಲ. ಆದರೆ ಲೆಕ್ಕ ಹಾಕಿ ನೋಡಿ, ಮಕ್ಕಳೇ. ಕಂಪ್ಯೂಟರಿನ ಐದು ವರ್ಷ ಎಂದರೆ ಮನುಷ್ಯರ ಎಪ್ಪತ್ತು ವರ್ಷ. ಶಾಲೆಯ ಕೈಗೆ ಬರುವ ಹೊತ್ತಿಗೆ ಅದು ಮುದಿಯಾಗಿರುತ್ತದೆ. ಕಂಪನಿ ನೇಮಿಸಿದ ಕಂಪ್ಯೂಟರ್ ಮೇಷ್ಟ್ರು ಗುತ್ತಿಗೆ ಮುಗಿದ ದಿನ ಹೊರಟುಹೋಗುತ್ತಾರೆ. ಗಣಿತದ ಮೇಷ್ಟ್ರು, ವಿಜ್ಞಾನದ ಟೀಚರು ‘ಅದು ಅವರ ಕೋಣೆ’ ಎಂದು ಅಷ್ಟು ವರ್ಷವೂ ದೂರವೇ ಉಳಿದಿರುತ್ತಾರೆ. ಕೊನೆಗೆ ಉಳಿಯುವುದು ಬೀಗ, ಬೀಗದ ಹಿಂದೆ ಬಟ್ಟೆ ಹೊದ್ದ ಪೆಟ್ಟಿಗೆಗಳು.

ಈ ಎರಡು ದಾರಿಗಳನ್ನು, ಅಂದರೆ ಹೊರಗಿನವರಿಗೆ ವಹಿಸುವುದು ಮತ್ತು ಶಾಲೆಯ ಶಿಕ್ಷಕರೇ ವಹಿಸಿಕೊಳ್ಳುವುದು, ಇವನ್ನು ಹೋಲಿಸಿ ನೋಡಿದವರು ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯವರು. ಶಿಕ್ಷಕರು ವಹಿಸಿಕೊಂಡ ಕಡೆಯೇ ಕೆಲಸ ಬೇರೂರುತ್ತದೆ ಎಂಬುದು ಅವರು ಕಂಡದ್ದು. ಮುಂದೆ ಅದೇ ಸಂಸ್ಥೆ ಕರ್ನಾಟಕದ ಶಿಕ್ಷಣ ಇಲಾಖೆಯ ಜೊತೆಗೂಡಿ ಪ್ರೌಢಶಾಲಾ ಶಿಕ್ಷಕರ ವಿಷಯ ವೇದಿಕೆಗಳನ್ನು ಕಟ್ಟಲು ನೆರವಾಯಿತು. ಶಿಕ್ಷಕರೇ ಪಾಠದ ಸಾಮಗ್ರಿ ಮಾಡಿ, ಕನ್ನಡದಲ್ಲೂ ಬರೆದು, ಎಲ್ಲರಿಗೂ ಉಚಿತವಾಗಿ ಸಿಗುವಂತೆ ಇಟ್ಟರು. ಎರಡನೆಯ ದಾರಿ ಎಷ್ಟು ದೂರ ಹೋಗಬಲ್ಲದು ಎಂದು ತಿಳಿಯಬೇಕಾದರೆ ಮಾತ್ರ ನಾವು ಘಟ್ಟ ಇಳಿದು ಪಕ್ಕದ ರಾಜ್ಯಕ್ಕೆ ಹೋಗಬೇಕು.

ಕೇರಳದ ಮೇಷ್ಟ್ರುಗಳು

ಕೇರಳ ಸರ್ಕಾರ ‘ಐಟಿ@ಸ್ಕೂಲ್’ ಯೋಜನೆಯನ್ನು 2001ರಲ್ಲಿ ಆರಂಭಿಸಿತು. ಇದಕ್ಕೆ ಸಲಹೆ ಕೊಟ್ಟ ಸಮಿತಿಯ ಅಧ್ಯಕ್ಷರು ಯಾರು ಗೊತ್ತೇ? ನಮ್ಮ ಉಡುಪಿಯ ಹತ್ತಿರದ ಅದಮಾರಿನಲ್ಲಿ ಹುಟ್ಟಿದ, ‘ಆರ್ಯಭಟ’ ಉಪಗ್ರಹದ ರೂವಾರಿ, ಇಸ್ರೋ ಅಧ್ಯಕ್ಷರಾಗಿದ್ದ ಪ್ರೊ. ಯು.ಆರ್. ರಾವ್!

ಅಲ್ಲಿಯೂ ಮೊದಲಿಗೆ ದೊಡ್ಡ ಕಂಪನಿಗಳ ತಂತ್ರಾಂಶ, ದೊಡ್ಡ ಕಂಪನಿಗಳ ತರಬೇತಿಯೇ ಇತ್ತು. ಆಗ ಶಿಕ್ಷಕರ ಸಂಘಟನೆಗಳು ಒಂದು ಪ್ರಶ್ನೆ ಎತ್ತಿದವು. ಸರ್ಕಾರಿ ಶಾಲೆಯ ಮಕ್ಕಳು ಒಂದೇ ಕಂಪನಿಯ ಸಾಮಾನು ಬಳಸುವುದನ್ನು ಮಾತ್ರ ಕಲಿತರೆ ಅದು ವಿದ್ಯೆಯೇ, ಜಾಹೀರಾತೇ? ಚರ್ಚೆ ಜೋರಾಯಿತು. ಕೆಲವೇ ವರ್ಷಗಳಲ್ಲಿ ಕೇರಳದ ಶಾಲೆಗಳು ಮುಕ್ತ ತಂತ್ರಾಂಶದ ಕಡೆಗೆ ಹೊರಳಿದವು.

ಮುಕ್ತ ತಂತ್ರಾಂಶ ಎಂದರೇನು? ಅಂಗಡಿಯಿಂದ ಬಿಸಿಬೇಳೆ ಬಾತ್ ಪುಡಿಯ ಪೊಟ್ಟಣ ತಂದರೆ ಅಡುಗೆಯೇನೋ ಆಗುತ್ತದೆ. ಒಳಗೆ ಏನೇನು ಎಷ್ಟೆಷ್ಟು ಹಾಕಿದ್ದಾರೆ ಎಂಬುದು ಗುಟ್ಟು. ಮುಗಿದ ಮೇಲೆ ಮತ್ತೆ ಕಾಸು ಕೊಟ್ಟು ತರಬೇಕು. ಅಜ್ಜಿ ಹೇಳಿಕೊಟ್ಟ ಪುಡಿಯಾದರೆ ಅಳತೆ ನಮಗೆ ಗೊತ್ತು. ಖಾರ ಕಡಿಮೆ ಮಾಡಬಹುದು, ಪಕ್ಕದ ಮನೆಯವರಿಗೂ ಹೇಳಿಕೊಡಬಹುದು, ಯಾರೂ ಬೇಡ ಎನ್ನುವುದಿಲ್ಲ. ಮುಕ್ತ ತಂತ್ರಾಂಶ ಅಜ್ಜಿಯ ಪುಡಿಯಂತೆ. ಅದರ ಒಳಗುಟ್ಟು ಎಲ್ಲರಿಗೂ ತೆರೆದಿರುತ್ತದೆ. ಕೇರಳದವರು ಅದನ್ನು ತಮ್ಮ ಪಠ್ಯಕ್ಕೆ, ತಮ್ಮ ಮಲಯಾಳಕ್ಕೆ ಹೊಂದುವಂತೆ ಬದಲಾಯಿಸಿಕೊಂಡರು.

ಮುಖ್ಯವಾದ ಕೆಲಸ ಇನ್ನೊಂದಿತ್ತು. ಹೊರಗಿನ ಗುತ್ತಿಗೆಯವರನ್ನು ತರುವ ಬದಲು, ಶಾಲೆಯಲ್ಲೇ ಪಾಠ ಮಾಡುವ ಒಬ್ಬ ಶಿಕ್ಷಕರಿಗೆ ಹೆಚ್ಚಿನ ತರಬೇತಿ ಕೊಟ್ಟು ಕಂಪ್ಯೂಟರಿನ ಹೊಣೆ ಒಪ್ಪಿಸಿದರು. ಗಣಿತದವರು ಗಣಿತಕ್ಕೆ, ಸಮಾಜದವರು ಭೂಪಟಕ್ಕೆ ಅದನ್ನೇ ಬಳಸತೊಡಗಿದರು. 2017ರಲ್ಲಿ ಈ ಯೋಜನೆಯೇ ಬೆಳೆದು ‘ಕೈಟ್’ ಎಂಬ ಸರ್ಕಾರಿ ಸಂಸ್ಥೆಯಾಯಿತು. 4,752 ಶಾಲೆಗಳ 45,000 ತರಗತಿ ಕೋಣೆಗಳು ಸಜ್ಜಾದವು. ಅಲ್ಲಿಗೂ ಯಂತ್ರ ಕೊಡುವವರು ಕಂಪನಿಗಳೇ. ಆದರೆ ಷರತ್ತು ಹಾಕಿದ್ದು ಸರ್ಕಾರ. ಐದು ವರ್ಷ ಕೆಟ್ಟದ್ದನ್ನು ಸರಿಮಾಡಿಕೊಡಬೇಕು, ದೂರು ಕೊಟ್ಟ ಮೇಲೆ ತಡ ಮಾಡಿದರೆ ದಂಡ ಕಟ್ಟಬೇಕು. ಹಸು ಕಟ್ಟುವ ಮೊದಲೇ ವೈದ್ಯರನ್ನು ಗೊತ್ತು ಮಾಡಿಟ್ಟ ಹಾಗೆ.

2018ರಲ್ಲಿ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿಗಳ ಕೂಟಗಳು ಹುಟ್ಟಿದವು. ಪ್ರೌಢಶಾಲೆಯ ಮಕ್ಕಳು ಅನಿಮೇಷನ್ ಕಲಿತರು, ಪ್ರೋಗ್ರಾಂ ಬರೆಯಲು ಕಲಿತರು, ಯಂತ್ರಗಳ ಆರೈಕೆ ಕಲಿತರು. 2022ರಲ್ಲಿ ಅದೇ ಮಕ್ಕಳು ಸಾವಿರಾರು ತಾಯಂದಿರನ್ನು ಕೂಡಿಸಿ ಮೊಬೈಲ್ ಮೋಸಗಳಿಂದ ಪಾರಾಗುವುದು ಹೇಗೆಂದು ಪಾಠ ಮಾಡಿದರು. ಬೆಂಚಿನ ಮೇಲೆ ಅಮ್ಮ, ಹಲಗೆಯ ಮುಂದೆ ಮಗಳು!

ದುಡ್ಡಿದ್ದೂ ಎಡವಿದ ಊರು

ಬಡ ದೇಶಕ್ಕೆ ಮಾತ್ರ ಈ ಪೇಚು ಎಂದುಕೊಳ್ಳಬೇಡಿ. ಅಮೆರಿಕದ ಲಾಸ್ ಏಂಜಲೀಸ್ ನಗರದ ಸರ್ಕಾರಿ ಶಾಲಾ ಮಂಡಳಿ ಆ ದೇಶದ ಎರಡನೆಯ ಅತಿ ದೊಡ್ಡ ಶಾಲಾ ಮಂಡಳಿ. 2013ರಲ್ಲಿ ಪ್ರತಿ ವಿದ್ಯಾರ್ಥಿಗೂ ಆಪಲ್ ಕಂಪನಿಯ ಐಪ್ಯಾಡ್, ಅದರೊಳಗೆ ಪಿಯರ್ಸನ್ ಕಂಪನಿಯ ಪಾಠ ಎಂದು ನಿರ್ಧಾರವಾಯಿತು. ಇಡೀ ಯೋಜನೆಗೆ ನೂರು ಕೋಟಿ ಡಾಲರಿಗೂ ಹೆಚ್ಚು ಖರ್ಚು. ಶಾಲಾ ಕಟ್ಟಡಗಳಿಗೆಂದು ಎತ್ತಿದ, ದಶಕಗಳ ಕಾಲ ತೀರಿಸಬೇಕಾದ ಸಾಲದ ಹಣದಿಂದ ಇದನ್ನು ಕೊಳ್ಳಲು ಹೊರಟರು. ಮನೆ ಕಟ್ಟುವ ಸಾಲದಲ್ಲಿ ಹಬ್ಬದ ಬಟ್ಟೆ ತಂದ ಹಾಗೆ. ಬಟ್ಟೆ ಹರಿದರೂ ಕಂತು ಮುಗಿಯುವುದಿಲ್ಲ.

ಆಟದ ತಾಣಗಳನ್ನು ತೆರೆಯಲಾಗದಂತೆ ಐಪ್ಯಾಡಿಗೆ ಒಂದು ಬೇಲಿ ಹಾಕಿದ್ದರು. ಹಂಚಿದ ಕೆಲವೇ ವಾರಗಳಲ್ಲಿ ಸುಮಾರು 300 ವಿದ್ಯಾರ್ಥಿಗಳು ಆ ಬೇಲಿಯನ್ನೇ ಕಿತ್ತುಹಾಕಿದರು! ಇನ್ನೊಂದು ಕಡೆ ಪಾಠಗಳೇ ಪೂರ್ತಿ ತಯಾರಾಗಿರಲಿಲ್ಲ. ಟೆಂಡರಿಗೆ ಮುಂಚೆಯೇ ಮಂಡಳಿಯ ಹಿರಿಯ ಅಧಿಕಾರಿಗಳಿಗೂ ಕಂಪನಿಗಳಿಗೂ ಪತ್ರ ವ್ಯವಹಾರ ನಡೆದಿತ್ತು ಎಂಬ ಸಂಗತಿ ಹೊರಬಂತು. 2014ರ ಆಗಸ್ಟ್‌ನಲ್ಲಿ ಒಪ್ಪಂದ ನಿಂತಿತು. ಮರು ವರ್ಷ ಆಪಲ್ ಕಂಪನಿ 42 ಲಕ್ಷ ಡಾಲರ್ ಮರಳಿಸಲು ಒಪ್ಪಿತು. ಮೇಷ್ಟ್ರನ್ನೂ ಹೆತ್ತವರನ್ನೂ ಮೊದಲೇ ಕೂರಿಸಿ ಕೇಳಿದ್ದರೆ ಇದರಲ್ಲಿ ಅರ್ಧ ತಾಪತ್ರಯ ತಪ್ಪುತ್ತಿತ್ತು.

ಪುಕ್ಕಟೆಯ ಬೆಲೆ

ಡೆನ್ಮಾರ್ಕ್ ದೇಶದ ಹೆಲ್ಸಿಂಗೋರ್ ಎಂಬ ಊರಿನ ಶಾಲೆಗಳಲ್ಲಿ ಮಕ್ಕಳು ಗೂಗಲ್ ತಂತ್ರಾಂಶವಿರುವ ಕ್ರೋಮ್‌ಬುಕ್ ಬಳಸುತ್ತಿದ್ದರು. 2019ರಲ್ಲಿ ಒಬ್ಬ ತಂದೆ ಬೆಚ್ಚಿಬಿದ್ದರು. ಪುಟ್ಟ ಮಗ ಯೂಟ್ಯೂಬಿನಲ್ಲಿ ಏನೋ ಒಂದು ಸಾಲು ಬರೆದಿದ್ದ. ಅದರ ಜೊತೆ ಅವನ ಪೂರ್ತಿ ಹೆಸರು, ಶಾಲೆ, ತರಗತಿ ಎಲ್ಲವೂ ಜಗತ್ತಿಗೇ ಕಾಣುತ್ತಿತ್ತು. ಆ ಖಾತೆ ತೆರೆದದ್ದು ಶಾಲೆ. ಹೆತ್ತವರನ್ನು ಯಾರೂ ಕೇಳಿರಲಿಲ್ಲ. ತಂದೆ ದೂರು ಕೊಟ್ಟರು. 2022ರಲ್ಲಿ ಆ ದೇಶದ ಮಾಹಿತಿ ರಕ್ಷಣಾ ಇಲಾಖೆ ಆ ಊರಿನ ಶಾಲೆಗಳಲ್ಲಿ ಅದರ ಬಳಕೆಗೇ ತಡೆ ಹಾಕಿತು. ಆಮೇಲೆ ತಡೆ ಸಡಿಲಾಯಿತು, ಪ್ರಶ್ನೆ ಮಾತ್ರ ನಿಲ್ಲಲಿಲ್ಲ. 2024ರ ಆರಂಭದಲ್ಲಿ 53 ಪುರಸಭೆಗಳಿಗೆ, ಮಕ್ಕಳ ಮಾಹಿತಿ ಕಂಪನಿಗೆ ಹೋಗುವ ರೀತಿಯನ್ನು ಸರಿಪಡಿಸಿ ಎಂದು ಆದೇಶ ಹೊರಟಿತು.

ಒಬ್ಬ ತಂದೆಯ ಪ್ರಶ್ನೆಯಿಂದ ಆದ ಕೆಲಸ ಇದು. ನಮ್ಮ ದೇಶದಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ ಬಂದಿದೆ. 18 ವರ್ಷ ತುಂಬದವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು ಎಂಬುದು ಅದರ ಮೂಲ ನಿಯಮ. ಮಗುವಿನ ಹೆಸರು, ಫೋಟೊ, ಅಂಕ, ತಪ್ಪು ಉತ್ತರ ಇವೆಲ್ಲ ಮನೆಯ ಒಡವೆಯಂತೆ. ಕೇಳದೆ ಯಾರೂ ಒಯ್ಯಬಾರದು.

ಚೌಕದೊಳಗಿನ ಪಾಠ

ಹಾಗಾದರೆ ಕಂಪನಿಯವರನ್ನು ಶಾಲೆಯ ಗೇಟಿನ ಹೊರಗೇ ನಿಲ್ಲಿಸಬೇಕೇ? ಖಂಡಿತ ಬೇಡ. ಮೊಮ್ಮಗಳ ಪಠ್ಯಪುಸ್ತಕ ತೆಗೆದು ನೋಡಿ. ಪಾಠದ ಪಕ್ಕದಲ್ಲಿ ಕಪ್ಪು ಬಿಳುಪಿನ ರಂಗೋಲಿಯಂಥ ಚೌಕವೊಂದು ಇದ್ದೀತು. ಮೊಬೈಲಿನ ‘ದೀಕ್ಷಾ’ ಆ್ಯಪ್‌ನಿಂದ ಅದನ್ನು ಸ್ಕ್ಯಾನ್ ಮಾಡಿದರೆ ಆ ಪಾಠಕ್ಕೆ ಸೇರಿದ ವೀಡಿಯೊ, ಅಭ್ಯಾಸಗಳು ತೆರೆಯುತ್ತವೆ. ದೀಕ್ಷಾ ಉದ್ಘಾಟನೆಯಾದದ್ದು 2017ರ ಸೆಪ್ಟೆಂಬರ್ 5ರ ಶಿಕ್ಷಕರ ದಿನದಂದು. ಅದರ ತಳಹದಿಯ ತಂತ್ರಾಂಶ ‘ಸನ್‌ಬರ್ಡ್’ ರೂಪುಗೊಂಡದ್ದು ಬೆಂಗಳೂರಿನ ಏಕ್‌ಸ್ಟೆಪ್ ಫೌಂಡೇಷನ್‌ನಲ್ಲಿ. ಇನ್ಫೊಸಿಸ್ ಸ್ಥಾಪಕರಲ್ಲಿ ಒಬ್ಬರಾದ ನಂದನ್ ನಿಲೇಕಣಿ ಮತ್ತು ರೋಹಿಣಿ ನಿಲೇಕಣಿ ಅದನ್ನು ಕಟ್ಟಿದವರಲ್ಲಿ ಸೇರಿದ್ದಾರೆ. ತಂತ್ರಾಂಶದ ಗುಟ್ಟನ್ನು ಮುಚ್ಚಿಡದೆ ಎಲ್ಲರಿಗೂ ತೆರೆದಿಟ್ಟರು. ನಡೆಸುವ ಹೊಣೆ ಸರ್ಕಾರದ್ದಾಯಿತು. ಯಾವ ಪಾಠ ಇರಬೇಕೆಂಬುದನ್ನು ರಾಜ್ಯಗಳೇ ತೀರ್ಮಾನಿಸುತ್ತವೆ.

ಇಲ್ಲಿಯೂ ಮೊಬೈಲ್ ಇಲ್ಲದ ಮನೆಯ ಮಗು ಹಿಂದೆ ಬೀಳುತ್ತದೆ ಎಂಬುದನ್ನು ಮರೆಯಬಾರದು. ಕೊರೊನಾ ಕಾಲದಲ್ಲಿ ಅದನ್ನು ಕಣ್ಣಾರೆ ಕಂಡೆವು. 2020ರಲ್ಲಿ ‘ವಿದ್ಯಾಗಮ’ ಎಂದು ನಮ್ಮ ಶಿಕ್ಷಕರೇ ಮರದ ನೆರಳಿಗೆ, ದೇವಸ್ಥಾನದ ಜಗಲಿಗೆ ನಡೆದುಹೋಗಿ ಮಕ್ಕಳನ್ನು ಕೂಡಿಸಿಕೊಳ್ಳಬೇಕಾಯಿತು. ಮನೆಯಲ್ಲಿ ಅಜ್ಜನ ಮೊಬೈಲ್ ಇದ್ದರೆ ಪಕ್ಕದ ಮನೆಯ ಮಗುವನ್ನೂ ಜೊತೆಗೆ ಕೂರಿಸಿಕೊಳ್ಳಿ.

ಯಾರ ಷರತ್ತಿನ ಮೇಲೆ?

ವಿಶ್ವಸಂಸ್ಥೆಯ ಯುನೆಸ್ಕೋ 2023ರಲ್ಲಿ ಶಿಕ್ಷಣದಲ್ಲಿ ತಂತ್ರಜ್ಞಾನದ ಬಗ್ಗೆ ಒಂದು ದೊಡ್ಡ ವರದಿ ತಂದಿತು. ಅದರ ಹೆಸರಿನಲ್ಲೇ ಒಂದು ಪ್ರಶ್ನೆ ಇದೆ. ಈ ಸಾಧನ ಯಾರ ಷರತ್ತಿನ ಮೇಲೆ ಎಂಬುದು ಅದರ ಭಾವ. ಮೇಲಿನ ಎಲ್ಲ ಕಥೆಗಳೂ ಬಂದು ನಿಲ್ಲುವುದು ಇದೇ ಜಾಗದಲ್ಲಿ. ಷರತ್ತು ಕಂಪನಿಯದಾದ ಕಡೆ ಗುತ್ತಿಗೆ ಮುಗಿದ ದಿನ ದೀಪ ಆರಿತು. ಷರತ್ತು ಶಾಲೆಯದಾದ ಕಡೆ, ಕೊಟ್ಟವರು ಹೋದ ಮೇಲೂ ಉರಿಯಿತು.

ಷರತ್ತು ಹಾಕುವ ಜಾಗ ನಮಗಿದೆ. ಪ್ರತಿ ಸರ್ಕಾರಿ ಶಾಲೆಗೂ ಹೆತ್ತವರೇ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್.ಡಿ.ಎಂ.ಸಿ. ಇದೆ. ಮಕ್ಕಳಿಗೂ ಒಂದು ಜಾಗವಿದೆ. ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ನೀವೇ ಎದ್ದು ನಿಂತು, ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಗೆ ಏಕೆ ಬೀಗ ಬಿದ್ದಿದೆ ಎಂದು ಅಧ್ಯಕ್ಷರನ್ನು ಕೇಳಬಹುದು. ಉತ್ತರ ಕೊಡುವುದು ಅವರ ಕೆಲಸ.

ಅಜ್ಜ–ಅಜ್ಜಿ, ಮೊಮ್ಮಕ್ಕಳು ಸೇರಿ ಎಣಿಸಬೇಕಾದ ಎಂಟು ಹಲ್ಲು

ಹಸುವಿಗೆ ಕೆಳದವಡೆಯ ಮುಂದೆ ಎಂಟು ಹಲ್ಲು. ನಮ್ಮ ಪ್ರಶ್ನೆಗಳೂ ಎಂಟು.

1. ಶಾಲೆ ಇದನ್ನು ಕೇಳಿತ್ತೇ? ಅಥವಾ ಕೊಡುವವರ ಬಳಿ ಇತ್ತೆಂದು ಬಂತೇ?

2. ಕೆಟ್ಟರೆ ಯಾರು, ಎಷ್ಟು ದಿನದಲ್ಲಿ ಸರಿಮಾಡುತ್ತಾರೆ? ಬರವಣಿಗೆಯಲ್ಲಿ ಇದೆಯೇ?

3. ಕರೆಂಟು ಹೋದರೆ, ನೆಟ್ ಇಲ್ಲದಿದ್ದರೆ ಇದು ನಡೆಯುತ್ತದೆಯೇ? ತಿಂಗಳ ಬಿಲ್ಲು ಕಟ್ಟುವವರು ಯಾರು?

4. ನಮ್ಮ ಮೇಷ್ಟ್ರಿಗೆ, ಟೀಚರಿಗೆ ತರಬೇತಿ ಇದೆಯೇ? ಒಂದು ದಿನದ್ದೋ, ವರ್ಷವಿಡೀಯೋ?

5. ಒಳಗಿನ ಪಾಠ ಕನ್ನಡದಲ್ಲಿದೆಯೇ? ನಮ್ಮ ಪಠ್ಯಕ್ಕೆ ಹೊಂದುತ್ತದೆಯೇ?

6. ಮಕ್ಕಳ ಹೆಸರು, ಫೋಟೊ, ಅಂಕ ಎಲ್ಲಿಗೆ ಹೋಗುತ್ತವೆ? ಹೆತ್ತವರ ಒಪ್ಪಿಗೆ ಕೇಳಿದ್ದಾರೆಯೇ?

7. ಮೂರು ವರ್ಷದ ಮೇಲೆ ಕಾಸು ಕಟ್ಟಬೇಕೇ? ಕಂಪನಿ ಹೊರಟುಹೋದರೆ ಏನು ಉಳಿಯುತ್ತದೆ?

8. ಬೀಗದ ಕೈ ಯಾರ ಹತ್ತಿರ? ಮಕ್ಕಳು ವಾರಕ್ಕೆ ಎಷ್ಟು ಹೊತ್ತು ಮುಟ್ಟುತ್ತಾರೆ?

ಕೊಡುವವರು ಒಳ್ಳೆಯವರಾದರೆ ಈ ಪ್ರಶ್ನೆಗಳಿಂದ ಬೇಸರಪಡುವುದಿಲ್ಲ. ತಮ್ಮ ಕೊಡುಗೆಯನ್ನು ಇವರು ಜೋಪಾನ ಮಾಡುತ್ತಾರೆ ಎಂದು ಅವರಿಗೆ ನಂಬಿಕೆ ಹುಟ್ಟುತ್ತದೆ. ಆದ್ದರಿಂದ ಮುಂದಿನ ಸಲ ಶಾಲೆಗೆ ಹೊಸ ಪೆಟ್ಟಿಗೆಗಳು ಬಂದಾಗ ತೋರಣ ಕಟ್ಟೋಣ, ಹಾರ ಹಾಕೋಣ, ಮನಸಾರೆ ಕೈ ಮುಗಿಯೋಣ. ಅದಾದ ಮೇಲೆ, ಅಷ್ಟೇ ವಿನಯದಿಂದ, ಹಸುವಿನ ಬಾಯಿ ಬಿಡಿಸಿ ಹಲ್ಲು ಎಣಿಸೋಣ.